ಹಿಂದಿನ ಕುರ್ಚಿಯ ಸದ್ದು

ಭಾನುವಾರ, ಮಧ್ಯಾಹ್ನದ ಊಟ ಮುಗಿದ ಮೇಲೆ

ನನ್ನ ಹಟಮಾರಿ ಮಗಳಿಗೆ ಅಮ್ಮನ ಆಶೀರ್ವಾದ. ಅಳಿಯಂದಿರಿಗೂ ಹೇಳು. ಮೊಮ್ಮಗಳು ದುಂಡಿಯ ಎರಡು ಕೆನ್ನೆಗೂ ನನ್ನ ಲೆಕ್ಕದ್ದು ಒಂದೊಂದು ಮುತ್ತು ಕೊಡು. ಕೊಟ್ಟ ಮೇಲೆ ಒರೆಸಿಕೊಳ್ಳಲು ಬಿಡು, ಒರೆಸಿಕೊಳ್ಳದಿದ್ದರೆ ಅವಳಿಗೆ ಸಮಾಧಾನವಿಲ್ಲ. ಇಲ್ಲಿ ನನ್ನ ಎಡಮಂಡಿ ಒಂದನ್ನು ಬಿಟ್ಟು ಎಲ್ಲರೂ ಚೆನ್ನಾಗಿದ್ದೇವೆ.

ನೀನು ಫೋನು ಬಿಟ್ಟು ಕಾಗದ ಬರೆದಾಗಲೇ ವಿಷಯ ದೊಡ್ಡದು ಅಂತ ಗೊತ್ತಾಯಿತು. ನಾನೂ ಅದಕ್ಕೇ ಕಾಗದ ಹಿಡಿದಿದ್ದೇನೆ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ಬೈಯುತ್ತೇನೆ, ಹೇಳಬೇಕಾದ ಮಾತು ಇಬ್ಬರ ಕಾಲಡಿ ಸಿಕ್ಕಿ ಸಾಯುತ್ತದೆ. ಇದರಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ. ನಾಲ್ಕನೇ ಕ್ಲಾಸಿನ ಅಕ್ಷರ. ಒತ್ತು, ದೀರ್ಘ ಬಿಟ್ಟುಹೋಗಿದ್ದರೆ ನೀನೇ ಹಾಕಿಕೊಂಡು ಓದು.

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಹನ್ನೆರಡರ ತನಕ ಎಣಿಸುತ್ತಿದ್ದ ಮಗು ಈ ದೇಶಕ್ಕೆ ಬಂದ ಮೇಲೆ ಎರಡು ಎಣಿಸುವುದನ್ನೂ ಮರೆತಿದೆ, ಅದನ್ನು ಬೇರು ಸಮೇತ ಕಿತ್ತು ತಂದ ಪಾಪಿ ನಾನು ಅಂತ ಬರೆದಿದ್ದೀಯ. ರಜೆ ಶುರುವಾದ ಕೂಡಲೇ ಅಳಿಯಂದಿರು ಅವಳನ್ನು ಕರೆತಂದು ನನ್ನ ಹತ್ತಿರ ಬಿಟ್ಟು ಹೋಗುತ್ತಾರೆ, ಇಲ್ಲೇ ಇರಲಿ, ನನ್ನ ಹತ್ತಿರವಾದರೂ ಕಲಿಯುತ್ತಿದ್ದಳು ಅಂತಲೂ ಬರೆದಿದ್ದೀಯ. ನಡುವೆ ಇನ್ನೊಂದು ಸಾಲಿದೆ. ಏನಾದರೂ ಪ್ರಶ್ನೆ ಕೇಳಿದರೆ ದುಂಡಿ ಪೆನ್ಸಿಲಿನಿಂದ ಮೇಜು ಕುಟ್ಟುತ್ತಾಳಂತೆ, ಆಮೇಲೆ ಹಿಂದೆ ತಿರುಗಿ ನೋಡುತ್ತಾ ಕೂರುತ್ತಾಳಂತೆ, ಮಿಕ್ಕ ಮಕ್ಕಳು ನಗುತ್ತಾರಂತೆ, ಟೀಚರು ಪೆನ್ಸಿಲ್ ಕಿತ್ತಿಟ್ಟುಕೊಂಡರಂತೆ. ಇದೊಂದು ಹೊಸ ಚಾಳಿ ಶುರುವಾಗಿದೆ ಅಂದಿದ್ದೀಯ.

ಆ ಸಾಲು ಓದಿ, ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ನಾನು ನನ್ನ ಬೆರಳು ಮುಟ್ಟಿ ನೋಡಿಕೊಂಡೆ. ಅದು ಹೊಸ ಚಾಳಿ ಅಲ್ಲ ಮಗಳೇ. ಹಳೆಯದು. ನಾನು ಕಲಿಸಿದ್ದು.

ಟೈಲರ್ ಅಂಗಡಿಯಿಂದ ನಾನು ಕಾಜಾ ಹಾಕಲು, ಗುಂಡಿ ಹೊಲಿಯಲು ತರುತ್ತಿದ್ದ ಷರ್ಟುಗಳ ರಾಶಿ ನಿನಗೆ ನೆನಪಿರಬೇಕು. ನೀನು ಆಸ್ಪತ್ರೆಯ ಡ್ಯೂಟಿಗೆ ಹೋದರೆ ದುಂಡಿ ನನ್ನ ಪಕ್ಕದಲ್ಲಿ ಗುಂಡಿಯ ಡಬ್ಬಿ ಹಿಡಿದು ಕೂರುತ್ತಿದ್ದಳು. ಬಾಯಲ್ಲಿ ದಾರ ಕಚ್ಚಿಕೊಂಡವಳಿಗೆ ಮಾತಾಡಲು ಎಲ್ಲಿ ಆಗುತ್ತದೆ. ಸೂಜಿ ಚುಚ್ಚದಿರಲಿ ಅಂತ ಬೆರಳಿಗೆ ಹಾಕುವ ಹಿತ್ತಾಳೆ ಟೊಪ್ಪಿಯಿಂದ ಡಬ್ಬಿಯನ್ನು ಕುಟ್ಟುತ್ತಿದ್ದೆ. ಒಂದು ಸಲ ಕುಟ್ಟಿದರೆ ಒಂದು ಗುಂಡಿ ಕೊಡುತ್ತಿದ್ದಳು. ಟಕ್ ಟಕ್ ಟಕ್ ಅಂದರೆ ಒಂದೊಂದು ಸದ್ದಿಗೆ ಒಂದೊಂದರಂತೆ ಅಂಗೈಗೆ ಇಡುತ್ತಿದ್ದಳು. ಸದ್ದು ನಿಂತರೆ ಅವಳ ಕೈಯೂ ನಿಲ್ಲುತ್ತಿತ್ತು. ಅದು ಎಣಿಕೆಯಲ್ಲ. ನನಗೆ ಮೊದಲಿನಿಂದಲೂ ಗೊತ್ತಿತ್ತು. ಟೊಪ್ಪಿ ತೆಗೆದಿಟ್ಟು ನಾಲ್ಕು ಕೊಡು ಅಂದರೆ ಡಬ್ಬಿಯನ್ನೇ ಮಡಿಲಿಗೆ ಸುರಿಯುತ್ತಿದ್ದಳು.

ಆಮೇಲೆ ನೀವು ಆ ದೇಶಕ್ಕೆ ಹೋಗುವ ಮಾತು ಬಂತು. ಕಾಗದಪತ್ರ ಮಾಡಿಸಿಕೊಡುವ ಆ ಬೋಳುತಲೆಯವನು ನಮ್ಮ ಚಾಪೆಯ ಮೇಲೆ ಕೂತು, ಎರಡು ಲೋಟ ಕಾಫಿ ಕುಡಿದು, ಮಗುವಿನ ಬುದ್ಧಿ ಪರೀಕ್ಷೆಯ ವರದಿ ಚೆನ್ನಾಗಿ ಬರ್ಬೇಕು ಕಣ್ರೀ, ಇಲ್ದಿದ್ರೆ ಮೂರು ಜನರ ಫೈಲೂ ಮೂಲೆಗೆ ಬೀಳುತ್ತೆ ಅಂದ. ನೀನು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ನಾನು ನೋಡಿದೆ.

ಪರೀಕ್ಷೆಯ ದಿನ ದುಂಡಿ ನಮ್ಮಲ್ಲಿ ಒಬ್ಬರಾದರೂ ಇಲ್ಲದಿದ್ದರೆ ಕೂರುವುದೇ ಇಲ್ಲ ಅಂತ ರಂಪ ಮಾಡಿದಳಲ್ಲ. ಪರೀಕ್ಷೆ ಮಾಡುವ ಮೇಡಂ ಏನಂದರು ನೆನಪಿದೆಯಾ? ತಾಯಿ ಬೇಡ, ತಾಯಂದಿರು ಹೇಳ್ಕೊಡ್ತಾರೆ, ಅಜ್ಜಿ ಬೇಕಾದ್ರೆ ಹಿಂದೆ ಕೂತ್ಕೊಳ್ಳಿ, ಪಾಪ ಅವರಿಗೇನ್ ತಿಳಿಯುತ್ತೆ. ಓದಿದವರ ಬುದ್ಧಿ ನೋಡು. ಕಳ್ಳಿಯನ್ನು ಒಳಗೆ ಬಿಟ್ಟು ಕಾವಲುಗಾರ್ತಿಯನ್ನು ಹೊರಗೆ ಕೂರಿಸಿದರು.

ಹಿಂದೆ ನನಗೆ ಹಾಕಿದ ಕುರ್ಚಿ ಕಬ್ಬಿಣದ್ದು. ಬೆಳಗ್ಗೆ ಷರ್ಟು ಮುಗಿಸಿ ಹಾಗೇ ಎದ್ದು ಬಂದವಳು, ಬೆರಳಲ್ಲಿ ಟೊಪ್ಪಿ ಹಾಗೇ ಇತ್ತು. ಮೇಡಂ ಬಣ್ಣದ ಕಟ್ಟಿಗೆ ತುಂಡುಗಳನ್ನು ಹರಡಿ, ಮೂರು ಕೊಡು ಪುಟ್ಟಾ ಅಂದರು. ದುಂಡಿ ಸುಮ್ಮನೆ ಕೂತಳು. ಮೊದಲ ಸಲ ನನ್ನ ಬೆರಳು ತಾನಾಗಿಯೇ ಕುರ್ಚಿ ಕುಟ್ಟಲು ಹೋಯಿತು, ರೂಢಿ. ಟಕ್ ಟಕ್ ಟಕ್. ಅವಳು ಮೂರು ಎತ್ತಿಕೊಟ್ಟಳು. ಮೇಡಂ ಖುಷಿಯಾಗಿ ಬರೆದುಕೊಂಡು, ಐದು ಕೊಡು ಅಂದರು. ಎರಡನೆಯ ಸಲ ಬೆರಳು ತಾನಾಗಿ ಹೋಗಲಿಲ್ಲ. ನಾನೇ ಕಳಿಸಿದೆ. ಹಾಗೇ ಹನ್ನೆರಡರ ತನಕ. ಅಜ್ಜಿಗೆ ಕೈ ನಡುಕವಾ ಅಂತ ಮೇಡಂ ಕೇಳಿದರು. ಹೂಂ ತಾಯಿ, ವಯಸ್ಸಾಯ್ತಲ್ಲ ಅಂದೆ. ನಾಲಿಗೆಯೂ ನಡುಗಲಿಲ್ಲ.

ಹೊರಗೆ ಬಂದಾಗ ನೀನು ಆ ವರದಿಯನ್ನು ಎದೆಗೊತ್ತಿಕೊಂಡು ಅತ್ತೆ. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅಷ್ಟೇ ಅಲ್ಲ, ಆಮೇಲೆ ನೀನು ಡ್ಯೂಟಿ ಮುಗಿಸಿ ಬಂದು, ಕಂದಾ ಅಮ್ಮನಿಗೆ ಆರು ಗುಂಡಿ ಕೊಡು ಅಂತ ಆಸೆಯಿಂದ ಕೇಳುವಾಗೆಲ್ಲ ನಾನು ಪಕ್ಕದಲ್ಲೇ ಇರುತ್ತಿದ್ದೆ. ಟೊಪ್ಪಿಯೂ ಇರುತ್ತಿತ್ತು.

ನೀವು ದೇಶ ಬಿಟ್ಟು ಹೋಗುವುದು ನನಗೇನು ಹಬ್ಬವಾಗಿರಲಿಲ್ಲ. ಆದರೆ ಈ ಮಗುವಿನಿಂದಾಗಿ ನಮ್ಮ ಬಾಳು ನಿಂತಿತು ಅನ್ನುವ ಮಾತು ಮುಂದೆ ಯಾವತ್ತಾದರೂ ಯಾರ ಬಾಯಿಂದಲಾದರೂ ಬಂದು ಆ ಮಗುವಿನ ತಲೆಯ ಮೇಲೆ ಬೀಳುತ್ತದೆ ಅಂತ ಹೆದರಿದೆ. ನಿನ್ನ ಬಾಯಿಂದ ಬರುತ್ತಿತ್ತು ಅಂತ ಹೇಳುತ್ತಿಲ್ಲ. ನನ್ನ ಬಾಯಿಂದಲೇ ಬರಬಹುದಿತ್ತು, ನನ್ನ ನಾಲಿಗೆ ನನಗೆ ಗೊತ್ತು.

ಈಗ ನಿನ್ನ ಕಾಗದದಲ್ಲಿ ನೋಡಿದರೆ, ಅದೇ ಶಾಲೆಯಲ್ಲಿ ನಮ್ಮ ದುಂಡಿಯಂಥವೇ ಎರಡು ಮಕ್ಕಳಿವೆ, ಅವರೂ ಹೊರಗಿನಿಂದ ಬಂದವರೇ, ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟೇ ಬಂದವರು, ಅವಕ್ಕೆ ಪಕ್ಕದಲ್ಲಿ ಕೂತು ಕಲಿಸುವ ಟೀಚರನ್ನು ಬೇರೆ ಕೊಟ್ಟಿದ್ದಾರೆ ಅಂತಿದೆ. ವರದಿಯಲ್ಲಿ ಇಷ್ಟು ಚೆನ್ನಾಗಿರುವ ಮಗುವಿಗೆ ಅದು ಬೇಡ ಅಂತ ನಮ್ಮವಳಿಗೆ ಕೊಡಲಿಲ್ಲವಂತೆ. ಬೋಳುತಲೆಯವನ ಮಾತು ಬರೀ ಗಾಳಿಮಾತು. ಅದನ್ನು ನಂಬಿ ನಾನು ಮಗುವಿನ ಪಕ್ಕದ ಕುರ್ಚಿಯನ್ನೇ ಖಾಲಿ ಮಾಡಿಸಿದೆ.

ಆದ್ದರಿಂದ ಗಮನವಿಟ್ಟು ಓದು. ದುಂಡಿ ಏನನ್ನೂ ಮರೆತಿಲ್ಲ. ನೀನು ಬೇರು ಕಿತ್ತಿಲ್ಲ. ಅವಳಿಗೆ ಇಲ್ಲಿಯೂ ಬರುತ್ತಿರಲಿಲ್ಲ, ಅಷ್ಟೇ. ಮೇಜು ಕುಟ್ಟಿ ಹಿಂದೆ ತಿರುಗುತ್ತಾಳಲ್ಲ, ಅಜ್ಜಿ ಸದ್ದು ಮಾಡುವುದನ್ನು ಮರೆತಿದ್ದಾಳೆ ಅಂತ ನೆನಪು ಮಾಡುತ್ತಿದ್ದಾಳೆ. ಅದಕ್ಕೆ ಅವಳ ಪೆನ್ಸಿಲ್ ಕಿತ್ತುಕೊಂಡರೆ ಹೇಗೆ.

ಇದು ಕೈಸೇರಿದ ಮರುದಿನವೇ ಶಾಲೆಗೆ ಹೋಗಿ ಹೇಳು. ಮೊದಲಿನಿಂದ ಪರೀಕ್ಷೆ ಮಾಡಿಸು, ಆ ಕೋಣೆಗೆ ನೀನೂ ಹೋಗಬೇಡ. ಇನ್ನೊಂದು ಚೀಟಿ ಇಟ್ಟಿದ್ದೇನೆ, ಅದು ಟೀಚರಿಗೆ. ತಪ್ಪು ನನ್ನದು, ತಾಯಿ ತಂದೆಗೆ ಗೊತ್ತಿರಲಿಲ್ಲ ಅಂತ ಬರೆದು ಸಹಿ ಹಾಕಿದ್ದೇನೆ. ಅಳಿಯಂದಿರು ಅವರ ಭಾಷೆಯಲ್ಲಿ ಬರೆದುಕೊಡಲಿ. ಮರ್ಯಾದೆಗೆ ಅಂಜಿ ನನ್ನ ಮಾತನ್ನು ತಿದ್ದಬಾರದು ಅಂತ ಅವರಿಗೆ ಹೇಳು. ಅಳಿಯಂದಿರು ಒಳ್ಳೆಯವರು, ಆದರೆ ಎಲ್ಲದಕ್ಕೂ ಇಸ್ತ್ರಿ ಮಾಡುವ ಗುಣ.

ಅವಳಿಗೆ ಏನು ಬರುತ್ತದೆ ಅನ್ನುವುದನ್ನೂ ಹೇಳು, ಬರದೆ ಇರುವುದನ್ನೇ ಹೇಳಿ ಬರಬೇಡ. ಕಣ್ಣು ಮುಚ್ಚಿ ಸವರಿ ಎರಡು ಕಣ್ಣಿನ ಗುಂಡಿ ಯಾವುದು, ನಾಲ್ಕು ಕಣ್ಣಿನದು ಯಾವುದು ಅಂತ ಬೇರೆ ಮಾಡುತ್ತಾಳೆ. ಷರ್ಟಿಗೆ ಗುಂಡಿ ತಪ್ಪಿಹೋಗಿದ್ದರೆ ಟೈಲರ್‌ಗಿಂತ ಮೊದಲು ಅವಳು ಬೆರಳಿಡುತ್ತಾಳೆ. ಒಂದೊಂದು ಸದ್ದಿಗೆ ತಪ್ಪದೆ ಒಂದೊಂದು ಎತ್ತಿಕೊಡುತ್ತಾಳೆ. ಇಲ್ಲಿಂದ ಎಣಿಕೆಗೆ ದಾರಿ ಇರಬಹುದು. ಆ ದಾರಿ ನನಗೆ ಗೊತ್ತಿಲ್ಲ, ಓದಿದವರು ಹುಡುಕಲಿ, ಅವರ ಓದು ಒಂದಕ್ಕಾದರೂ ಬರಲಿ.

ಆ ಹಿತ್ತಾಳೆ ಟೊಪ್ಪಿಯನ್ನೇ ಬಟ್ಟೆ ಚೂರಿನೊಳಗೆ ಇಟ್ಟು ಹೊಲಿದು ಕಳಿಸಿದ್ದೇನೆ. ಅದು ನಿನ್ನ ಬೆರಳಿಗಲ್ಲ, ಟೀಚರ ಬೆರಳಿಗೂ ಅಲ್ಲ. ಅವಳ ಬೆರಳಿಗೆ. ಒಳಗೆ ಹತ್ತಿ ತುರುಕಿದ್ದೇನೆ, ಸರಿಯಾಗಿ ಕೂರುತ್ತದೆ. ಇನ್ನು ಮೇಲೆ ಅವಳೇ ಕುಟ್ಟಲಿ, ಅವಳೇ ಇಡಲಿ. ಹಿಂದೆ ತಿರುಗಿದರೆ ಪಕ್ಕದಲ್ಲಿ ಒಬ್ಬರು ಇದ್ದಾರೆ ಅಂತ ತೋರಿಸಿ.

ರಜೆಗೆ ಬರುವುದಾದರೆ ಮೂವರೂ ಬನ್ನಿ, ಮೂವರೂ ಹೋಗಿ. ಬಿಟ್ಟು ಹೋಗುವ ಮಾತು ಇನ್ನೊಂದು ಸಲ ಬರೆದರೆ ಕಾಗದ ವಾಪಸು ಕಳಿಸುತ್ತೇನೆ.

ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ಹತ್ತು ದಿನ ಮಾತು ಬಿಡು, ಹನ್ನೊಂದನೆಯ ದಿನ ಫೋನು ಮಾಡು.

ಇತಿ,
ನಿನ್ನ ಅಮ್ಮ

ಮರೆತಿದ್ದೆ: ಈ ಹಾಳೆಯ ಹಿಂಬದಿ ಮೊದಲು ಬರೆದಿದ್ದರ ಮೇಲೆ ಮಸಿ ಬಳಿದಿದ್ದೇನೆ. ಬೆಳಕಿಗೆ ಹಿಡಿದು ಓದಬೇಡ. ಓದೇ ಓದುತ್ತೀಯ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಅದಕ್ಕೆ ನಾನೇ ಹೇಳುತ್ತೇನೆ. ನಿನ್ನ ಕಾಗದ ಬಂದ ದಿನವೇ ಬರೆದದ್ದು. ‘ಕಳಿಸಿಬಿಡು, ಅವಳ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ’ ಅಂತ ಒಂದೇ ಸಾಲು. ಹಾಸಿಗೆ ಮೂರು ದಿನ ಒಣಗಿತು. ಅಂಚೆ ಚೀಟಿಯನ್ನೂ ತಂದಿಟ್ಟಿದ್ದೆ. ಅದನ್ನೇ ಇದಕ್ಕೆ ಅಂಟಿಸಿದ್ದೇನೆ.