ಅಕ್ಕುವಿನ ಹದ

ಸಲ್ಮಾಬಾದ್, ಬಹರೈನ್
12 ಅಕ್ಟೋಬರ್ 2012, ಶುಕ್ರವಾರ
(ನಂದನ ಸಂವತ್ಸರ. ಇದನ್ನು ಯಾಕೆ ಬರೆದೆ ಎಂದು ಓದುತ್ತಾ ಹೋದರೆ ಗೊತ್ತಾಗುತ್ತದೆ.)

ಪ್ರೀತಿಯ ಅಣ್ಣನಿಗೆ ತಮ್ಮ ಸುಂದರ ಮಾಡುವ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ ಮೇಲೂ ನೀವು ಅಟ್ಟ ಹತ್ತಿ ಹಳೆಯ ಕಾಗದ ಹುಡುಕುತ್ತಿದ್ದೀರಂತೆ. ಪಂಕಜಾಕ್ಷಿ ಅತ್ತಿಗೆ ಫೋನಿನಲ್ಲಿ ದೂರು ಹೇಳಿದರು. ಅವರ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? 'ಮಾತ್ರೆ ತಿಂತಾ ಇದ್ದೇನೆ ಮಾರಾಯ' ಎಂದರು, ಆದರೆ ಬಾಯಲ್ಲಿ ಏನೋ ಅಗಿಯುವ ಸದ್ದು ಕೇಳಿಸಿತು, ಅದು ಮಾತ್ರೆಯಂತೂ ಅಲ್ಲ. ನಾವಿಲ್ಲಿ ಚೆನ್ನಾಗಿದ್ದೇವೆ. ಸೆಖೆ ಇಳಿದಿದೆ, ವರ್ಕ್‌ಶಾಪಿನಲ್ಲಿ ಈಗ ಒಂದು ಫ್ಯಾನ್ ಸಾಕು. ನನ್ನಾಕೆ ಬೇಬಿಗೆ ಸೊಂಟನೋವು ಆಗಾಗ ಬರುತ್ತದೆ, ಹೋಗುತ್ತದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಬಾಯಿ ತೆರೆದ ಕೂಡಲೇ ನೀವು 'ಆಯ್ತು ಆಯ್ತು, ಊಟ ಮಾಡಿದ್ಯಾ' ಎಂದು ಮಾತು ಮುಗಿಸಿಬಿಡುತ್ತೀರಿ. ಮೂವತ್ತು ವರ್ಷ ಹೆಡ್‌ಮಾಸ್ತರರಾಗಿದ್ದವರು ಕೈಗೆ ಬರಹ ಕೊಟ್ಟರೆ ಮಾತ್ರ ಕೊನೆಯವರೆಗೆ ಓದುತ್ತೀರಿ, ಕೆಂಪು ಪೆನ್ನು ಹಿಡಿದಾದರೂ. ಹಿಡಿಯಿರಿ. ಈ ಸಲ ನನ್ನ ಹತ್ತಿರವೂ ಒಂದು ಕೆಂಪು ಪೆನ್ನಿದೆ.

ರಜೆ ಮುಗಿಸಿ ಬಂದ ನಮ್ಮ ವರ್ಕ್‌ಶಾಪಿನ ತಿಲಕ್ ನಿಮ್ಮ ಪುಸ್ತಕದ ಕರಡು ಪ್ರತಿಯನ್ನು ತಂದುಕೊಟ್ಟ. 'ಕೋವಿ ಮಂಜಯ್ಯ ಆಚಾರಿಯವರ ವಂಶ' ಎಂಬ ಹೆಸರು ನೋಡಿಯೇ ನನ್ನ ಎದೆ ಉಬ್ಬಿತು. ಆರು ತಲೆಮಾರು! ಮಂಡಿನೋವಿನ ಕಾಲು ಎಳೆದುಕೊಂಡು ಎರಡು ಸಲ ಮದ್ರಾಸಿಗೆ ಹೋಗಿ ಕಂಪನಿ ಸರಕಾರದ ಪಲ್ಟಣದ ಕಾಗದದ ನಕಲು ತಂದಿದ್ದೀರಿ. ನಮ್ಮ ಮನೆಯಲ್ಲಿ ಬೇರೆ ಯಾರಿಂದಲೂ ಆಗದ ಕೆಲಸ ಇದು. ಸುಂದರನಿಗೆ ಹೊಟ್ಟೆಕಿಚ್ಚು ಎಂದು ನೀವು ಹೇಳಬಾರದು, ಅದಕ್ಕೇ ಇದನ್ನು ಮೊದಲೇ ಬರೆದಿದ್ದೇನೆ. ಊಟವಾದ ಮೇಲೆ ಬೇಬಿಗೂ ಮಗಳು ವಿನಿತಾಳಿಗೂ ಜೋರಾಗಿ ಓದಿ ಹೇಳಿದೆ. ಕೊನೆಯ ಪುಟಕ್ಕೆ ಬಂದಾಗ ಪುಸ್ತಕ ಕೆಳಗಿಟ್ಟೆ. ವಿನಿತಾ ಪುಸ್ತಕ ಎಳೆದುಕೊಂಡು ತಾನೇ ಓದಿದಳು: 'ಗಂಡು ಸಂತಾನವಿಲ್ಲದ ಕಾರಣ ಸುಂದರ ಆಚಾರ್ಯರೊಂದಿಗೆ ಮನೆತನದ ಕಸುಬು ಮುಕ್ತಾಯಗೊಂಡಿತು.' ಮೀನಿನ ಸಾರಿಗೆ ಉಪ್ಪು ಕಡಿಮೆಯಾದರೂ ಅರ್ಧ ಗಂಟೆ ವಾದ ಮಾಡುವ ಹುಡುಗಿ ಆ ದಿನ ಪುಸ್ತಕ ಮುಚ್ಚಿಟ್ಟು ಪಾತ್ರೆ ತೊಳೆಯಲು ಹೋದಳು. ಅಣ್ಣಾ, ನನಗೆ ಸಿಟ್ಟು ಬಂತು. ಈಗಲೂ ಇಳಿದಿಲ್ಲ.

ಪುಸ್ತಕದ ಜೊತೆ ನಿಮ್ಮ ಚೀಟಿಯೂ ಇತ್ತು. ನಮ್ಮ ಮನೆಯ ಮುದ್ರೆಯನ್ನು ತಿಲಕನ ತಂಗಿಯ ಮದುವೆಗೆ ಊರಿಗೆ ಹೋಗುವವರ ಕೈಯಲ್ಲಾದರೂ ಕಳಿಸು, ಇಪ್ಪತ್ತಮೂರಕ್ಕೆ ಆಯುಧಪೂಜೆಯ ದಿನ ಪುಸ್ತಕ ಬಿಡುಗಡೆ, ಅಂದೇ ಮುದ್ರೆಯನ್ನು ಸಮಾಜದ ಸಭಾಭವನದ ಗಾಜಿನ ಪೆಟ್ಟಿಗೆಯಲ್ಲಿಡುತ್ತೇವೆ ಎಂದು ಬರೆದಿದ್ದಿರಿ. ಈಗ ತಿಲಕನೇ ಹೋಗುತ್ತಿದ್ದಾನೆ, ಅವನ ಕೈಯಲ್ಲೇ ಈ ಕಾಗದ ಕೊಡುತ್ತೇನೆ. ಹೆಬ್ಬೆರಳಿನಷ್ಟು ಉದ್ದದ ಆ ಉಕ್ಕಿನ ಉಳಿ, ಅದರ ತುದಿಯಲ್ಲಿ ಕೆತ್ತಿದ ಅರ್ಧಚಂದ್ರ ಮತ್ತು ಮೂರು ಚುಕ್ಕೆ, ಇಷ್ಟು ವರ್ಷವೂ ನನ್ನ ಟೂಲ್‌ಬಾಕ್ಸಿನ ಮೇಲಿನ ಖಾನೆಯಲ್ಲಿ ಎಣ್ಣೆಬಟ್ಟೆಯಲ್ಲಿತ್ತು. ಅಪ್ಪ ಅದನ್ನು ನಿಮಗೆ ಕೊಡದೆ ನನಗೆ ಕೊಟ್ಟದ್ದು ನೀವು ಪಾಠ ಹೇಳುವ ಕೆಲಸಕ್ಕೆ ಹೋದಿರಿ, ನಾನು ಕುಲುಮೆ ಮುಂದೆ ಕೂತೆ ಎಂಬ ಒಂದೇ ಕಾರಣಕ್ಕೆ. ಮನೆಯ ನಿಯಮವನ್ನು ನೀವೇ ಮೂರನೆಯ ಪುಟದಲ್ಲಿ ಚಂದ ಬರೆದಿದ್ದೀರಿ. ಮುದ್ರೆ ಮನೆಯ ಹೊಸ್ತಿಲು ದಾಟಿ ಬೇರೆಯವರ ಕೈಗೆ ಹೋಗಕೂಡದು, ಉಕ್ಕಿಗೆ ಹದ ಕೊಟ್ಟ ಕೈಯೇ ಅದರ ಮೇಲೆ ಮುದ್ರೆ ಒತ್ತಬೇಕು. ಅಪ್ಪ ಹದ ಕೊಟ್ಟ ಕತ್ತಿಯ ಮೇಲೆ ನಾನು ಮುದ್ರೆ ಒತ್ತಲು ಹೋಗಿ ಬೆನ್ನಿಗೆ ತಿಂದ ಏಟನ್ನು ನೀವು ನೋಡಿದ್ದೀರಿ. ನೋಡಿ ನಕ್ಕಿದ್ದೀರಿ ಕೂಡ.

ಆ ರಾತ್ರಿಯಿಂದ ಒಂದು ವಾರ ನಾನು ನಿಮ್ಮ ಪುಸ್ತಕವನ್ನು ಲೇಥ್ ಮೇಲಿನ ಕೆಲಸದ ಹಾಗೆ ಅಳತೆ ಹಿಡಿದು ಓದಿದೆ. ಹನ್ನೊಂದನೆಯ ಪುಟದಲ್ಲಿ ಊರ ಒಡೆಯರ ಬೀಡಿನ ಚಾವಡಿಯ ಕೋವಿಯ ಫೋಟೋ ಇದೆ. ಆಯುಧಪೂಜೆಗೆ ಹೊರಗಿಡುವ ಅದೇ ಕೋವಿ, ನಾವು ಚಿಕ್ಕಂದಿನಲ್ಲಿ ದೂರದಿಂದ ನೋಡಿದ್ದು. ಅದರ ಗುಂಡು ಹಾರಿಸುವ ಕುದುರೆಯ ಪಕ್ಕದ ತಗಡಿನ ಮೇಲೆ ನಮ್ಮ ಅರ್ಧಚಂದ್ರ, ಮೂರು ಚುಕ್ಕೆ. ಅದರ ಕೆಳಗೆ 'ಪಾರ್ಥಿವ ಸಂವತ್ಸರ'. 'ಇದು ಮಂಜಯ್ಯನವರ ಕೈಚಳಕಕ್ಕೆ ಸಾಕ್ಷಿ' ಎಂದು ನೀವು ಬರೆದಿದ್ದೀರಿ. ಹದಿನಾಲ್ಕನೆಯ ಪುಟದಲ್ಲಿ ಪಲ್ಟಣದ ಕಾಗದ. ಕೋವಿ ರಿಪೇರಿಗೆಂದು ಸೇರಿ ಸಿಪಾಯಿಯಾದ ಮಂಜಯ್ಯ 1824ರಲ್ಲಿ ಹಡಗು ಹತ್ತಿ ರಂಗೂನಿಗೆ ಹೋದ, ಅಲ್ಲಿನ ಯುದ್ಧದಲ್ಲಿದ್ದ, 1826ರ ಕೊನೆಗೆ ಮದ್ರಾಸಿಗೆ ಮರಳಿದ. ಒಂದು ಪುಟದಲ್ಲಿ ಸಂವತ್ಸರ, ಇನ್ನೊಂದರಲ್ಲಿ ಇಸವಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡುವ ತೊಂದರೆಯನ್ನು ನೀವು ತೆಗೆದುಕೊಳ್ಳಲೇ ಇಲ್ಲ, ಲೆಕ್ಕದ ಮಾಸ್ತರರೇ!

ನಾನು ತೆಗೆದುಕೊಂಡೆ. ನಿಮ್ಮ ಹೊಸ ಮನೆಯ ಒಕ್ಕಲಿನ ಆಮಂತ್ರಣ ನನ್ನ ಹತ್ತಿರ ಇನ್ನೂ ಇದೆ, ವಿನಿತಾ ಹತ್ತನೆಯ ಕ್ಲಾಸಿನಲ್ಲಿದ್ದ ವರ್ಷದ್ದು, 2005. ಅದರ ಮೇಲೆ 'ಪಾರ್ಥಿವ ನಾಮ ಸಂವತ್ಸರ' ಎಂದು ನೀವೇ ಅಚ್ಚು ಹಾಕಿಸಿದ್ದೀರಿ. ಅರವತ್ತು ವರ್ಷಕ್ಕೊಮ್ಮೆ ಬರುವ ಹೆಸರು. 2005ರಿಂದ ಅರವತ್ತರಂತೆ ಹಿಂದೆ ಹೋದರೆ 1945, 1885, 1825. ಮಂಜಯ್ಯ ತೀರಿಕೊಂಡದ್ದು 1861ರಲ್ಲಿ ಎಂದು ನೀವೇ ಬರೆದಿದ್ದೀರಿ, ಹಾಗಾಗಿ 1885 ಅಲ್ಲ. ಇನ್ನೂ ಹಿಂದೆ 1765ಕ್ಕೆ ಹೋದರೆ ಅವನು ಹುಟ್ಟಿಯೇ ಇರಲಿಲ್ಲ. ಉಳಿದದ್ದು 1825. ಆ ವರ್ಷ ನಮ್ಮ ಮೂಲಪುರುಷ ಮಂಜಯ್ಯ ರಂಗೂನಿನ ಕೆಸರಿನಲ್ಲಿ ನಿಂತಿದ್ದ. ಬೀಡಿನ ಕೋವಿಗೆ ಮುದ್ರೆ ಒತ್ತಿದ್ದು ಯಾರು? ಅವನ ಅಪ್ಪ ಸತ್ತು ಎಂಟು ವರ್ಷವಾಗಿತ್ತು, ಅಣ್ಣತಮ್ಮಂದಿರು ಇರಲಿಲ್ಲ, ಮಗ ಸುಬ್ಬಯ್ಯನಿಗೆ ಮೂರು ವರ್ಷ. ಇದೂ ನಿಮ್ಮ ವಂಶವೃಕ್ಷದಲ್ಲೇ ಇರುವುದು, ನನ್ನ ಕಲ್ಪನೆ ಒಂದಕ್ಷರವೂ ಇಲ್ಲ.

ಪಲ್ಟಣದ ಕಾಗದದ ಕೆಳಗಿನ ಸಾಲುಗಳು ಸೊಟ್ಟಗಿನ ಹಳೆಯ ಇಂಗ್ಲಿಷ್ ಕೈಬರಹದಲ್ಲಿವೆ. ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕಿನಲ್ಲಿ ಕೆಲಸ ಮಾಡುವ ಬೆಂಗಳೂರಿನ ಸೌಜನ್ಯ ಎಂಬವರು ಕನ್ನಡ ಸಂಘದಲ್ಲಿ ಪರಿಚಯ. ಅವರು ಸ್ಕ್ಯಾನ್ ಮಾಡಿ ದೊಡ್ಡದು ಮಾಡಿ ಓದಿಕೊಟ್ಟರು. 'ಅಂಕಲ್, ಇಲ್ಲಿ ಎರಡು ವಿಷಯ ಇದೆ' ಎಂದರು. ಒಂದು, ಬಲಗೈಯ ಹೆಬ್ಬೆರಳು ಪೂರ್ತಿ ಹೋದದ್ದರಿಂದ ಮಂಜಯ್ಯನನ್ನು ಕೆಲಸದಿಂದ ಬಿಡಿಸಲಾಗಿದೆ. ಇನ್ನೊಂದು, ಊರಿನಲ್ಲಿರುವ ಮನೆಯವರು: ಹೆಂಡತಿ, ಹೆಸರು ಅಕ್ಕು. ನಿಮ್ಮ ನಲವತ್ತು ಪುಟಗಳಲ್ಲಿ ಎಲ್ಲೂ ಇಲ್ಲದ ಹೆಸರು. 1825ರಲ್ಲಿ ಮುದ್ರೆ ಇದ್ದ ಮನೆಯಲ್ಲಿ ದುಡಿಯಬಲ್ಲ ಕೈ ಎಂದರೆ ಅವಳದೊಂದೇ. ನಿಮ್ಮ ವಂಶವೃಕ್ಷದಲ್ಲಿ ಗಂಡಸರಿಗೆ ಗಂಡಸರೇ ಹುಟ್ಟಿದ್ದಾರೆ! ಹೆಬ್ಬೆರಳು ಹೋದ ಶೌರ್ಯದ ಬಗ್ಗೆ ಒಂದು ಪ್ಯಾರಾ ಬರೆದಿದ್ದೀರಿ, ಅದರ ಮುಂದಿನ ಪ್ಯಾರಾದಲ್ಲೇ ಊರಿಗೆ ಬಂದು ಹದಿನೆಂಟು ಕೋವಿ ಮಾಡಿದ ಎಂದೂ ಬರೆದಿದ್ದೀರಿ. ಹೆಬ್ಬೆರಳಿಲ್ಲದ ಬಲಗೈಯಲ್ಲಿ ಅರ ಹಿಡಿದು ಕೋವಿಯ ಸ್ಪ್ರಿಂಗನ್ನು ಉಜ್ಜುವುದು ಹೇಗೆ? ನಾನು ಬಟ್ಟೆಯಲ್ಲಿ ಹೆಬ್ಬೆರಳು ಕಟ್ಟಿಕೊಂಡು ಪ್ರಯತ್ನ ಮಾಡಿದೆ. ಅರ ಮೂರು ಸಲ ಕಾಲ ಮೇಲೆ ಬಿತ್ತು. ಅವನು ಸುಬ್ಬಯ್ಯ ದೊಡ್ಡವನಾಗುವವರೆಗೆ ತಿದಿ ಒತ್ತಿರಬೇಕು, ಅಕ್ಕು ಸುತ್ತಿಗೆ ಹಿಡಿದಿರಬೇಕು. ಇದರಿಂದ ಅವನ ಮರ್ಯಾದೆ ಕಡಿಮೆಯಾಯಿತೆಂದು ನನಗೆ ಅನ್ನಿಸುವುದಿಲ್ಲ. ಯುದ್ಧ ನೋಡಿ ಬಂದವನು ಹೆಂಡತಿಯ ಕುಲುಮೆಗೆ ಗಾಳಿ ಹಾಕಿದ ಎಂದರೆ ಅವನ ಮೇಲೆ ನನಗೆ ಪ್ರೀತಿಯೇ ಹೆಚ್ಚಾಗುತ್ತದೆ.

ಇನ್ನೊಂದು ಮಾತು ನೆನಪು ಮಾಡುತ್ತೇನೆ, ಇದಕ್ಕೆ ಕಾಗದ ಬೇಡ. ಕಾಯಿಸಿದ ಉಕ್ಕು ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗ ಅಪ್ಪ ಏನು ಹೇಳುತ್ತಿದ್ದರು? 'ಅಕ್ಕುನ ಹದ ಬತ್ತ್ಂಡ್'. ಅಕ್ಕುವಿನ ಹದ ಬಂತು, ಈಗ ತೆಗೆ ಎಂದು. ನೀವೂ ಕೇಳಿದ್ದೀರಿ, ನಾನು ಸಾವಿರ ಸಲ ಕೇಳಿದ್ದೇನೆ. ಅಕ್ಕು ಯಾರೆಂದು ನಾವು ಒಂದು ಸಲವೂ ಕೇಳಲಿಲ್ಲವಲ್ಲ ಅಣ್ಣಾ! ಹೆಸರು ನಮ್ಮ ಬಾಯಲ್ಲೇ ಇತ್ತು. ಕಾಗದ ಓದಿದ ದಿನ ನಾನು ವರ್ಕ್‌ಶಾಪಿನಲ್ಲಿ ಕೂತು ಅತ್ತೆ. ನಮ್ಮ ಮಾಲೀಕ ಅಝೀಝ್ ಊರಿನಲ್ಲಿ ಯಾರೋ ತೀರಿಕೊಂಡರೆಂದು ತಿಳಿದು ಚಹಾ ತರಿಸಿದ.

ಈಗ ಕೇಳಿ. ಇಲ್ಲಿನ ಮುಹರ್ರಕ್‌ನ ಹಳೆಯ ಮನೆಗಳನ್ನು ದುರಸ್ತಿ ಮಾಡುತ್ತಿದ್ದಾರೆ. ಅಲ್ಲಿನ ಬಾಗಿಲು, ಪೆಟ್ಟಿಗೆಗಳ ಪುರಾತನ ಬೀಗಗಳಿಗೆ ಸ್ಪ್ರಿಂಗ್ ಅಂಗಡಿಯಲ್ಲಿ ಸಿಗುವುದಿಲ್ಲ. ಅಝೀಝ್ ಆ ಬೀಗಗಳನ್ನು ನಮ್ಮಲ್ಲಿಗೆ ತರುತ್ತಾನೆ. ಎರಡು ವರ್ಷದಿಂದ ಅವಕ್ಕೆ ಸ್ಪ್ರಿಂಗ್ ಮಾಡುತ್ತಿರುವುದು ನಾನಲ್ಲ, ವಿನಿತಾ. ವಾರವಿಡೀ ಆಫೀಸಿನಲ್ಲಿ ಡ್ರಾಯಿಂಗ್ ಮಾಡುತ್ತಾಳೆ, ಶುಕ್ರವಾರ ನನ್ನ ಬೆಂಚಿಗೆ ಬರುತ್ತಾಳೆ. ನನ್ನ ಕಣ್ಣು ಈಗ ಕಾದ ಉಕ್ಕಿನ ಬಣ್ಣ ಹಿಡಿಯುವುದಿಲ್ಲ, ಹಳದಿ ಯಾವುದು ಕಂದು ಯಾವುದು ಗೊತ್ತಾಗುವುದಿಲ್ಲ. ಅವಳಿಗೆ ಗೊತ್ತಾಗುತ್ತದೆ. 'ಬಿಟಿಯಾ ಕಾ ಹಾಥ್ ತುಮ್ಸೆ ಅಚ್ಛಾ ಹೈ, ಸುಂದರ್' ಎಂದು, ಅಂದರೆ ಮಗಳ ಕೈ ನಿನಗಿಂತ ವಾಸಿ ಎಂದು, ಅಝೀಝ್ ನನ್ನೆದುರೇ ಹೇಳಿದ್ದಾನೆ. ಊರಿನಲ್ಲಿ ಗೊತ್ತಾದರೆ ನೀವು ಬೈಯುತ್ತೀರಿ ಎಂದು ಹೆದರಿ ಇದನ್ನು ಮುಚ್ಚಿಟ್ಟೆ. ಅದು ನನ್ನ ತಪ್ಪು. ಇನ್ನು ಮುಚ್ಚಿಡುವುದಿಲ್ಲ.

ಹನ್ನೊಂದನೆಯ ಪುಟದಲ್ಲಿ ಕೋವಿಯ ಕೆಳಗೆ ಅಕ್ಕುವಿನ ಹೆಸರು ಹಾಕಿ. ಕೊನೆಯ ಸಾಲನ್ನು ಹೊಡೆದುಹಾಕಿ. ಸಮಾಜದವರು ಏನೆನ್ನುತ್ತಾರೆ ಎಂದು ಕೇಳಬೇಡಿ, ಅವರು ಅಂದದ್ದಕ್ಕೆ ಉತ್ತರ ಕೊಡಲು ನಾನೇ ಬರುತ್ತೇನೆ. ಆಗುವುದಿಲ್ಲವೆಂದಾದರೆ ವಂಶವೃಕ್ಷದಿಂದ ನನ್ನ ಹೆಸರನ್ನೂ ತೆಗೆಯಿರಿ. ಅಕ್ಕು ಇಲ್ಲದ ಮರದಲ್ಲಿ ನನಗೆ ಕೊಂಬೆ ಬೇಡ. ನಿಮ್ಮ ಎದುರು ಇಷ್ಟು ಗಟ್ಟಿಯಾಗಿ ನಾನು ಜೀವಮಾನದಲ್ಲಿ ಮಾತಾಡಿಲ್ಲ, ಗೊತ್ತು. ಆದರೂ ಬರೆದದ್ದನ್ನು ಹರಿಯುವುದಿಲ್ಲ.

ಅತ್ತಿಗೆಗೆ ನನ್ನ ಮತ್ತು ಬೇಬಿಯ ನಮಸ್ಕಾರ. ಬೇಬಿ ಅವರಿಗೆಂದು ಸಕ್ಕರೆಯಿಲ್ಲದ ಬಿಸ್ಕತ್ತು ಕಳಿಸಿದ್ದಾಳೆ, ನೀವೇ ತಿಂದು ಮುಗಿಸಬೇಡಿ. ಬೈದರೂ ಸರಿ, ಉತ್ತರ ಬರೆಯಿರಿ.

ನಿಮ್ಮ ತಮ್ಮ,
ಸುಂದರ

ತಾ.ಕ.: ತಿಲಕ್ ಕೆಳಗೆ ಗಾಡಿಯ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಬಿಸ್ಕತ್ತಿನ ಡಬ್ಬದಲ್ಲಿ ಎಣ್ಣೆಬಟ್ಟೆಯ ಗಂಟು ಇದೆ. ಬಿಚ್ಚಿದರೆ ಮುದ್ರೆ ಸಿಗುವುದಿಲ್ಲ. ಮನೆಯ ನಿಯಮದಂತೆ ಅದು ಮನೆಯಲ್ಲೇ ಉಳಿದಿದೆ, ವಿನಿತಾಳ ಡ್ರಾಯರಿನಲ್ಲಿ. ಗಂಟಿನಲ್ಲಿರುವುದು ಒಂದು ಬೀಗದ ಸ್ಪ್ರಿಂಗ್. ಬಗ್ಗಿಸಿ ನೋಡಿ, ಎಷ್ಟು ಸಲ ಬೇಕಾದರೂ. ಆಮೇಲೆ ಕನ್ನಡಕ ಹಾಕಿಕೊಂಡು ಅದರ ಬುಡ ನೋಡಿ: ಅರ್ಧಚಂದ್ರ, ಮೂರು ಚುಕ್ಕೆ. ಇವತ್ತು ಬೆಳಿಗ್ಗೆ ಹದ ಕೊಟ್ಟ ಕೈಯೇ ಒತ್ತಿದ್ದು, ನಿಮ್ಮ ಮೂರನೆಯ ಪುಟದಲ್ಲಿ ಬರೆದ ಹಾಗೆ. ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾದರೆ ಇದನ್ನೇ ಇಡಿ.