ಕೂಗಿನ ಜೊತೆ ಸಿಕ್ಕಿದ ದನಿ

ಗೆಳೆಯ ಮುರಳಿ,

ನಮ್ಮ ಕಳವಾರದ ಬಿಲಗಪ್ಪೆ ಈವರೆಗೆ ಹೆಸರಿಟ್ಟ ಯಾವ ಜಾತಿಗೂ ಸೇರಿದ್ದಲ್ಲ ಎಂದು ಖಚಿತವಾಗಿದೆ. ನಿನ್ನೆ ಮಧ್ಯಾಹ್ನ ಬೆಂಗಳೂರಿನ ಲ್ಯಾಬಿನಿಂದ ಯಾಮಿನಿ ಫೋನ್ ಮಾಡಿ ತಿಳಿಸಿದರು. ಮಣ್ಣು ತೋಡುವ ಹಿಂಗಾಲಿನ ಗಂಟು ನೋಡಿ ಹೇಳಲಾಗಲಿಲ್ಲವಂತೆ. ಅದು ಅದರ ನೆಂಟರಿಗೆಲ್ಲ ಇದೆ. ಡಿಎನ್‌ಎ ಬೇರೆ ಅಂದಿತು. ನೀನು ರೆಕಾರ್ಡ್ ಮಾಡಿಕೊಟ್ಟ ಕೂಗು ಅದನ್ನು ಗಟ್ಟಿ ಮಾಡಿತು.

ನೀನು ಹೋಗಿ ಎಂಟು ತಿಂಗಳಾಯಿತು. ಗೌರಿಬಿದನೂರು ರಸ್ತೆಯಲ್ಲಿ ಬೈಕಿನ ಜೊತೆ ನಿನ್ನ ಫೋನೂ ಪುಡಿಯಾಯಿತು. ಆಗ ಹರಿಣಿ ಬಸುರಿ. ಈಗ ನಿನ್ನ ಮಗಳಿಗೆ ಐದು ತಿಂಗಳು. ನಿಮ್ಮ ಮದುವೆ ವಿಡಿಯೊದಲ್ಲಿ ವಾಲಗ ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. "ಅಣ್ಣಾ, ಇವಳಿಗೆ ಅವಳಪ್ಪನ ದನಿ ಒಂದು ಮಾತಾದ್ರೂ ಬೇಕು" ಎಂದು ಹರಿಣಿ ಕೇಳುತ್ತಲೇ ಇದ್ದಳು. ನನಗೆ ಹೊಳೆದದ್ದು ಆ ರೆಕಾರ್ಡಿಂಗ್ ಒಂದೇ.

ಮೊದಲ ಮಳೆ ಬಿದ್ದ ಸಂಜೆ ಅದು. ಆವುಲಪ್ಪನವರ ರಾಗಿ ಹೊಲದ ಬದುವಿನಲ್ಲಿ ಕೆಸರಿನಲ್ಲಿ ಕೂತಿದ್ದೆವು. ಕೂಗುತ್ತಿದ್ದ ಕಪ್ಪೆ ನಮ್ಮನ್ನು ಕಂಡು ಹಿಂಬದಿಯಿಂದ ಮಣ್ಣಿಗೆ ಇಳಿಯತೊಡಗಿತು. ಕೈಯಲ್ಲಿ ಮೈಕ್ ಇದ್ದದ್ದನ್ನೇ ಮರೆತು ನೀನು, "ಯಾಕಪ್ಪಾ ಹಿಂದಕ್ ಹೋಗ್ತೀಯ? ಮುಂದೆ ಬಾರಪ್ಪಾ, ನಾನಿಲ್ವಾ" ಅಂದೆ. ಆವುಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏಮಪ್ಪಾ ಮೇಷ್ಟ್ರೇ, ಕಪ್ಪೆಗೂ ಅಪ್ಪ ಅಂತೀರಾ? ಹೆಣ್ಣಾಗಿದ್ರೆ?" "ಹೆಣ್ಣು ಹಿಂಗೆ ಕೂಗಲ್ಲ ಕಣಣ್ಣಾ" ಅಂದೆ ನೀನು. "ನಮ್ಮನೇಗ್ ಬನ್ನಿ, ಕೇಳಿಸ್ತೀನಿ!"

ಜನರ ಮಾತು ಲ್ಯಾಬಿನವರಿಗೆ ಗದ್ದಲ. ಕೂಗನ್ನಷ್ಟೇ ಉಳಿಸಿ ನಿನ್ನ ಮಾತನ್ನು ಕತ್ತರಿಸಿದ್ದಾರೆ. ಕತ್ತರಿಸುವ ಮೊದಲಿನದು ಇದೆಯೇ ಎಂದು ಯಾಮಿನಿಯನ್ನು ಕೇಳಿದೆ. ಹುಡುಕಿ ಸಂಜೆ ಮತ್ತೆ ಫೋನ್ ಮಾಡಿದರು. ನಾನು ಹರಿಣಿಯ ಮನೆಯಲ್ಲೇ ಇದ್ದೆ. ಸ್ಪೀಕರ್ ಹಾಕಿದೆ. ಫೈಲ್ ಇದೆ, ಆದರೆ ಫೋನಿನಲ್ಲಿ ಕಳಿಸಲಾಗದಷ್ಟು ದೊಡ್ಡದು ಎಂದು ಹೇಳಿ, ನೀನು ಆಡಿದ್ದನ್ನು ಯಾಮಿನಿ ತಾವೇ ಬರೆದುಕೊಂಡು ಓದಿ ಹೇಳಿದರು. ಹರಿಣಿ ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು.

"ಬಾರಮ್ಮಾ ಅಂತ ಇಲ್ಲ, ಅಲ್ವಾ ಅಣ್ಣಾ" ಅಂದಳು. ಮಗುವಿನ ಟೋಪಿ ಸರಿ ಮಾಡುತ್ತಾ, "ಇರ್ಲಿ ಬಿಡಿ. ಹುಟ್ಟೋದು ಮಗಳು ಅಂತ ಅವರಿಗೇನು ಗೊತ್ತಿತ್ತು."

'ನಾನಿಲ್ವಾ' ಅನ್ನುವ ಮಾತನ್ನು ಮಾತ್ರ ಇನ್ನೊಂದು ಸಲ ಓದಿ ಎಂದು ಯಾಮಿನಿಯವರನ್ನು ಕೇಳಿದಳು.

ಕಪ್ಪೆಗೆ ಹೆಸರು ಇನ್ನೂ ಇಟ್ಟಿಲ್ಲ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಹರಿಣಿ ಮಗುವನ್ನು ಎತ್ತಿಕೊಂಡು ನನ್ನ ಜೊತೆ ಲ್ಯಾಬಿಗೆ ಬರುತ್ತಾಳೆ. ಫೈಲನ್ನು ಅಲ್ಲಿ ಅವಳ ಫೋನಿಗೆ ಹಾಕಿಕೊಡುತ್ತಾರೆ.

ನಿನ್ನ ಮೇಲಿನ ಮಣ್ಣು ತಂಪಾಗಿರಲಿ.

ನಿನ್ನ,
ಗಂಗರಾಜು
ಚಿಕ್ಕಬಳ್ಳಾಪುರ