ಬೇರೆ ಮತ್ತು ಬೇರು

22 ಏಪ್ರಿಲ್ 2018, ಭಾನುವಾರ, ರಾಕ್‌ವಿಲ್, ಅಮೆರಿಕ

ಬಸವ ಜಯಂತಿಯ ಊಟ ನಮ್ಮ ಮನೆಯಲ್ಲೇ ಕೆಟ್ಟಿತು. ಹೋಳಿಗೆಯದೇನೂ ತಪ್ಪಿಲ್ಲ.

"ಲಿಂಗಾಯತ ಅನ್ನೋದು ಬ್ಯಾರೆನ ಧರ್ಮ," ಎಂದ ಅಣ್ಣ ಬಸವಕುಮಾರ.

"ಹಂಗಾದ್ರ ಅಪ್ಪ ಸಾಲ್ಯಾಗ ನಮ್ಮನ್ನ ಹಿಂದೂ ಅಂತ ಬರಿಸಿದ್ದು ಸುಳ್ಳೇನು?" ಎಂದ ತಮ್ಮ ಶಶಿಕಾಂತ.

"ಬ್ಯಾರೆ ಆದ್ರೂ ಬೇರು ಒಂದ ಅಲ್ಲೇನು?" ಎಂದೆ ನಡುವಿನವನಾದ ನಾನು. ಯಾರೂ ನಗಲಿಲ್ಲ.

"ನಿನಗ ಎಲ್ಲಾ ಚಾಷ್ಟಿ. ಮುಂದಿನ ವರ್ಷ ನಮ್ಮ ಜಯಂತಿ ನಾವು ಮಾಡ್ಕೋತೀವಿ," ಎಂದು ಅಣ್ಣ ಕೈ ತೊಳೆದು ಸ್ಟರ್ಲಿಂಗ್ ಊರಿನ ತನ್ನ ಮನೆಗೆ ಹೊರಟೇಬಿಟ್ಟ.

ಸಂಜೆ ಪಕ್ಕದ ಮನೆಯ ಸೋಲ್ ಅಂಕಲ್ ಹತ್ತಿರ ಗೋಳು ತೋಡಿಕೊಂಡೆ. ಅವರು ಯಹೂದಿ, ನಿವೃತ್ತ ಇತಿಹಾಸದ ಮೇಷ್ಟ್ರು. ಕ್ರೈಸ್ತರೂ ಯಹೂದಿಗಳೂ ಮೊದಲು ಒಂದೇ ಮನೆಯವರು ಎಂದರು. ತಮ್ಮ ಈಸ್ಟರ್ ಗೊತ್ತುಮಾಡಲು ಎಷ್ಟೋ ಕ್ರೈಸ್ತರು ಯಹೂದಿ ನೆರೆಯವರ ಪಾಸೋವರ್ ಹಬ್ಬ ಯಾವಾಗ ಎಂದು ಕೇಳುತ್ತಿದ್ದರಂತೆ. ಆಮೇಲೆ ಬಿಷಪ್ಪರು, ಅವರನ್ನೇಕೆ ಕೇಳಬೇಕು, ನಾವೇ ಎಣಿಸೋಣ ಎಂದರಂತೆ. ಯಹೂದಿ ಗುರುಗಳಾದ ರಬ್ಬಿಗಳೂ ತಮ್ಮ ಬಾಗಿಲು ಬಿಗಿ ಮಾಡಿಕೊಂಡರಂತೆ. ದೇವರ ವಿಷಯದ ಜಗಳ ಕ್ಯಾಲೆಂಡರ್‌ಗೆ ಹತ್ತಿದ ಮೇಲೆ ಹಬ್ಬದ ಊಟವೂ ಬೇರೆಯಾಯಿತು.

"ಮತ್ತೆ ಕೂತು ಮನಸ್ಸು ಬಿಚ್ಚಿ ಮಾತಾಡಿದ್ದು ಯಾವಾಗ, ಅಂಕಲ್?"

ಅವರು ಬೆರಳು ಮಡಚಿ ಶತಮಾನಗಳನ್ನು ಎಣಿಸಿದರು. "ಒಂದು ಸಾವಿರದ ಆರುನೂರು ವರ್ಷ ಹಿಡಿಯಿತು ಅನ್ನು." ತಮಾಷೆಗೇನೂ ಹೇಳಲಿಲ್ಲ.

ಆಗಲೇ ಅಣ್ಣನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ತಮ್ಮ ಎತ್ತಿದ, "ಮೊದಲ ಅಂವಾ ಮಾಡ್ಲಿ," ಎಂದು ಇಟ್ಟ. ನಗಿಸುವುದೊಂದು ಬಿಟ್ಟರೆ ನನಗೆ ಇನ್ನೇನೂ ಬರುವುದಿಲ್ಲ, ಇವರಿಬ್ಬರೂ ನಗುವುದಿಲ್ಲ.

ಅಣ್ಣನಿಗೆ ಈಗಲೇ ಅರವತ್ತೆಂಟು.